‘ಬಂದ್ನಿ’ ಎಂಬ ಭೂತಕಾಲ

ಈ ಬರಹವನ್ನು ನಾನು ಬಹಳ ದಿನಗಳಿಂದ ಮುಂದೂಡುತ್ತ ಬಂದಿದ್ದೇನೆ. ಮೊದಲು ಕನ್ನಡಕದ ನಂಬರು ಬದಲಾಗಿದೆ ಎಂದು ಮುಂದೂಡಿದೆ. ಹೊಸ ಕನ್ನಡಕ ಬಂದ ಮೇಲೆ ಪೆನ್ನು ಸರಿಯಾಗಿ ಹರಿಯುತ್ತಿಲ್ಲ ಎಂದು ಮುಂದೂಡಿದೆ. ಪೆನ್ನು ಹರಿಯತೊಡಗಿದಾಗ ಮನಸ್ಸೇ ಹರಿಯುತ್ತಿಲ್ಲ ಎಂಬ ನೆಪ ಸಿಕ್ಕಿತು. ನೆಪಗಳ ವಿಷಯದಲ್ಲಿ ನನಗೆ ಎಂದೂ ಬಡತನ ಬಂದಿಲ್ಲ. ಇಂದು ಕುಳಿತದ್ದಾದರೂ ಪಶ್ಚಾತ್ತಾಪದ ಒತ್ತಡದಿಂದ ಎಂದು ಹೇಳಿಕೊಂಡರೆ ಸುಳ್ಳಾದೀತು. ಬಚ್ಚಲಿನ ನಲ್ಲಿ ಸೋರುತ್ತಿದೆ, ಅದರಿಂದ. ರಿಪೇರಿ ಮಾಡುವವನು ಮುಂಜಾನೆಯಿಂದ ಫೋನಿನಲ್ಲಿ “ಬಂದ್ನಿರಿ ಯಜಮಾನ್ರ, ಬಂದ್ನಿ” ಎನ್ನುತ್ತಿದ್ದಾನೆ. ಊಟದ ಹೊತ್ತಾಯಿತು, ಅವನ ಸುಳಿವಿಲ್ಲ. ಇನ್ನೊಮ್ಮೆ ಫೋನು ಹಚ್ಚಿ ಬೈಯಬೇಕೆಂದುಕೊಂಡೆ. ಫೋನನ್ನು ಕೆಳಗಿಟ್ಟೆ. ಆ ಶಬ್ದವನ್ನು ಅವನಿಗಿಂತ ಮೊದಲು, ಅವನಿಗಿಂತ ನಿಪುಣವಾಗಿ ಬಳಸಿದವನು ನಾನು.

ಗದಗ-ಬೆಟಗೇರಿಯವರಿಗೆ ಈ ಶಬ್ದದ ಮಹಿಮೆಯನ್ನು ಹೇಳಬೇಕಾಗಿಲ್ಲ. ನೀವು ಬೇರೆ ಸೀಮೆಯವರಾಗಿದ್ದರೆ ನನ್ನ ಜೊತೆ ಸ್ವಲ್ಪ ದೂರ ಬನ್ನಿ. ‘ಬಂದ್ನಿ’ ಎಂದರೆ ಪುಸ್ತಕದ ಕನ್ನಡದಲ್ಲಿ ‘ಬಂದೆನು’: ಶುದ್ಧ ಭೂತಕಾಲ, ಕ್ರಿಯೆ ಮುಗಿದಿದೆ, ಕರ್ತೃ ಎದುರಿಗೆ ನಿಂತಿದ್ದಾನೆ. ಆದರೆ ನಮ್ಮಲ್ಲಿ ಹಾಸಿಗೆಯ ಮೇಲೆ ಮಗ್ಗುಲು ಬದಲಿಸುತ್ತಿರುವವನೂ ‘ಬಂದ್ನಿ’ ಎನ್ನುತ್ತಾನೆ. ಅವನು ‘ಹೊಂಟೀನಿ’ ಎಂದರೆ ಅಂಗಿ ಹುಡುಕುತ್ತಿದ್ದಾನೆ ಎಂದರ್ಥ. ‘ದಾರ್ಯಾಗ ಅದೀನಿ’ ಎಂದರೆ ಅಂಗಿ ಸಿಕ್ಕಿದೆ ಎಂದರ್ಥ. ಇನ್ನು ಎದ್ದು ಹೋಗುವಾಗ ‘ಹೋಗ್ತೀನಿ’ ಎನ್ನುವುದು ಅಶುಭವಾದ್ದರಿಂದ ‘ಬರ್ತೀನಿ’ ಎನ್ನುತ್ತೇವೆ. ಹೀಗೆ ಬಾರದಿರುವಾಗ ಬಂದೆ ಎಂದೂ, ಹೋಗುತ್ತಿರುವಾಗ ಬರುತ್ತೇನೆ ಎಂದೂ ಹೇಳಿ ಬದುಕುವ ಜನ ನಾವು. ಮುಂಡರಗಿಯ ಹೈಸ್ಕೂಲಿನಲ್ಲಿ ನನಗೆ ವ್ಯಾಕರಣ ಕಲಿಸಿದ ಮಾಸ್ತರರು ಭೂತ, ವರ್ತಮಾನ, ಭವಿಷ್ಯತ್ ಕಾಲಗಳನ್ನು ಛಡಿಯ ಸಹಾಯದಿಂದ ವಿಂಗಡಿಸಿ ತೋರಿಸುತ್ತಿದ್ದರು. ಒಂದು ದಿನ ನನ್ನನ್ನು ನಿಲ್ಲಿಸಿ, “ಲೇ, ನೀ ಪಾಸ್ ಆಗೂದು ಯಾವ ಕಾಲ?” ಎಂದು ಕೇಳಿದರು. ಇಡೀ ವರ್ಗ ಒಂದೇ ದನಿಯಲ್ಲಿ, “ಭವಿಷ್ಯತ್ ಕಾಲ್ರೀ ಸರ್” ಎಂದಿತು. ಎರಡನೆಯ ಸಲಕ್ಕೆ ಪಾಸಾದೆ. ಅಲ್ಲಿಯೂ ತಡ.

ಆ ಪಾಸಿನ ಬಲದ ಮೇಲೆ ಬೆಟಗೇರಿಯ ಒಂದು ಖಾಸಗಿ ದವಾಖಾನೆಗೆ ಕಾಂಪೌಂಡರ್ ಎಂದು ಸೇರಿದೆ. ಅದರ ಹೆಸರು ಇಲ್ಲಿ ಬೇಡ, ತಪ್ಪು ಕಟ್ಟಡದ್ದಲ್ಲ. ನಾನು ಓದಿ ಕಲಿತವನಲ್ಲ, ನೋಡಿ ಕಲಿತವನು. ಪಟ್ಟಿ ಕಟ್ಟಲು, ಸಲಾಯಿನ್ ಬಾಟಲಿ ಬದಲಿಸಲು, ಆಪರೇಷನ್ ಆದವರನ್ನು ಹೊರಳಿಸಿ ಮಲಗಿಸಲು ಕಲಿತೆ. ಕ್ರಮೇಣ ಗಂಡಸರ ವಾರ್ಡಿನ ಮಧ್ಯಾಹ್ನದ ಪಾಳಿ ನನ್ನದಾಯಿತು. ಕೈಗುಣ ಚೆನ್ನಾಗಿತ್ತು ಎಂದು ಜನ ಹೇಳುತ್ತಿದ್ದರು. ಕಾಲುಗುಣದ ಬಗ್ಗೆ ಯಾರೂ ಏನೂ ಹೇಳುತ್ತಿರಲಿಲ್ಲ, ಏಕೆಂದರೆ ಆ ಕಾಲುಗಳು ಹೊತ್ತಿಗೆ ಸರಿಯಾಗಿ ಎಂದೂ ಒಳಗೆ ಬಂದಿರಲಿಲ್ಲ.

ಏಕೆ ತಡವಾಗುತ್ತಿತ್ತು ಎಂದು ನೀವು ಕೇಳಬಹುದು. ಮನೆಯಲ್ಲಿ ಕಾಯಿಲೆಯ ತಾಯಿ, ಕೆಟ್ಟ ಸೈಕಲ್, ದೂರದ ಹಾದಿ ಇಂಥದ್ದೇನಾದರೂ ಇದ್ದಿದ್ದರೆ ಈ ಪ್ರಬಂಧಕ್ಕೂ ನನಗೂ ಒಂದಿಷ್ಟು ಘನತೆ ಬರುತ್ತಿತ್ತು. ಏನೂ ಇರಲಿಲ್ಲ. ಮನೆ ಹತ್ತಿರ, ಸೈಕಲ್ ಗಟ್ಟಿ, ಹೆಂಡತಿ ಹೊತ್ತಿಗೆ ಸರಿಯಾಗಿ ರೊಟ್ಟಿ ಬಡಿದು ಹಾಕುವವಳು. ಮನೆಗೂ ದವಾಖಾನೆಗೂ ನಡುವೆ ಒಂದು ಚಹಾದ ಅಂಗಡಿ ಇತ್ತು, ಅಷ್ಟೇ. ಅಲ್ಲಿ ಮಿರ್ಚಿ ಭಜಿ ಕರಿಯುತ್ತಿದ್ದರು, ಮಂಡಕ್ಕಿಯ ಗಿರಮಿಟ್ಟು ಕಲಸುತ್ತಿದ್ದರು, ಮತ್ತು ದೇಶವನ್ನು ಹೇಗೆ ನಡೆಸಬೇಕು ಎಂದು ಬಲ್ಲ ನಾಲ್ಕಾರು ಮಂದಿ ಸದಾ ಕುಳಿತಿರುತ್ತಿದ್ದರು. ದೇಶದ ಚಿಂತೆಯಲ್ಲಿರುವವನಿಗೆ ವಾರ್ಡು ಹೇಗೆ ನೆನಪಾದೀತು?

ತಡವಾಗಿ ಬರುವವರನ್ನು ದಾರಿಗೆ ತರುವ ಎಲ್ಲ ಪ್ರಯೋಗಗಳೂ ನಮ್ಮ ಮೇಲೆ ನಡೆದವು. ಹಿರಿಯ ಡಾಕ್ಟರು ಹಳೆಯ ಕಾಲದವರು. ಬೈದರೆ ಮುಗಿಯಿತು ಎಂದು ತಿಳಿದವರು. “ಯಾಕಪಾ, ಗಡಿಯಾರದಾಗ ಎರಡೆರಡು ಮುಳ್ಳು ಅದಾವು, ನಿನಗೊಂದೂ ಚುಚ್ಚಂಗಿಲ್ಲೇನು?” ಎನ್ನುತ್ತಿದ್ದರು. ನಾನು ತಲೆ ತಗ್ಗಿಸಿ ನಗು ಮುಚ್ಚಿಕೊಳ್ಳುತ್ತಿದ್ದೆ, ಅವರೂ ಹಾಗೆಯೇ. ಅವರಾದರೂ ಹೊತ್ತಿಗೆ ಬಂದವರಲ್ಲ. ಡಾಕ್ಟರು ತಡವಾಗಿ ಬಂದರೆ ಜನ ‘ಭಾಳ ಬಿಜಿ ಇರ್ತಾರ್ರೀ’ ಎಂದು ಗೌರವದಿಂದ ಕಾಯುತ್ತಾರೆ. ಕಾಂಪೌಂಡರ್ ತಡವಾಗಿ ಬಂದರೆ ಅವನು ಮೈಗಳ್ಳ. ಈ ಪಕ್ಷಪಾತವನ್ನು ನಾನು ಚಹಾದ ಅಂಗಡಿಯಲ್ಲಿ ಅನೇಕ ಸಲ ಖಂಡಿಸಿದ್ದೇನೆ, ಪಾಳಿಯ ಹೊತ್ತಿನಲ್ಲಿಯೇ.

ಆಮೇಲೆ ಆಡಳಿತ ಹಿರಿಯರ ಸೊಸೆಯ ಕೈಗೆ ಬಂತು. ಅವರೂ ಡಾಕ್ಟರು, ಮೈಸೂರಿನ ಕಡೆಯವರು, ಮಾತಿಗೂ ಕೆಲಸಕ್ಕೂ ಅಂತರವಿರಬಾರದು ಎಂದು ನಂಬಿದವರು. ಬಂದ ಹೊಸತರಲ್ಲಿ ಒಮ್ಮೆ ನನಗೆ ಫೋನು ಮಾಡಿದರು. ವಾಡಿಕೆಯಂತೆ “ಬಂದ್ನಿರಿ ಮೇಡಂ” ಎಂದೆ. ಪಾಪ, ಅವರು ನನ್ನನ್ನು ವಾರ್ಡಿನಲ್ಲಿ, ಔಷಧಿಯ ಕೋಣೆಯಲ್ಲಿ, ಕಡೆಗೆ ಹಿತ್ತಿಲಿನಲ್ಲಿಯೂ ಹುಡುಕಿದರಂತೆ. ಮತ್ತೆ ಫೋನು ಮಾಡಿ, “ಬಂದೆ ಅಂದ್ರಲ್ಲಾ, ಎಲ್ಲಿಗೆ ಬಂದ್ರಿ? ಕಾಣಿಸ್ತಾನೇ ಇಲ್ಲ!” ಎಂದರು. ಈ ಸಂಗತಿ ದವಾಖಾನೆಯ ತುಂಬ ನಗೆಯಾಗಿ ಹರಡಿತು. ಅವರು ನಗಲಿಲ್ಲ. ತಡವಾದರೆ ಅರ್ಧ ದಿನದ ಪಗಾರ ಕಡಿತ ಎಂದು ನಿಯಮ ಮಾಡಿದರು. ಇನ್ನೊಂದು ನಿಯಮವನ್ನೂ ಮಾಡಿದರು, ಅದು ಹೆಚ್ಚು ಕಟ್ಟುನಿಟ್ಟಿನದು: ಮುಂದಿನ ಪಾಳಿಯವರು ಬಂದು ಎದುರಿಗೆ ನಿಂತು ರೋಗಿಗಳನ್ನು ವಹಿಸಿಕೊಳ್ಳುವ ತನಕ ಹಿಂದಿನ ಪಾಳಿಯವರು ವಾರ್ಡು ಬಿಡುವಂತಿಲ್ಲ, ಬಿಟ್ಟರೆ ಕೆಲಸವೇ ಹೋದಂತೆ.

ನ್ಯಾಯವಾದ ನಿಯಮವೇ. ಕಚೇರಿಯಲ್ಲಿ ಗುಮಾಸ್ತ ತಡವಾದರೆ ಕಡತ ಕಾಯುತ್ತದೆ. ಕಡತಕ್ಕೆ ಕಾಲು ನೋಯುವುದಿಲ್ಲ. ದವಾಖಾನೆಯಲ್ಲಿ ಒಬ್ಬರು ತಡವಾದರೆ ಇನ್ನೊಬ್ಬರು ನಿಂತಿರುತ್ತಾರೆ. ನಾನು ಕುಳಿತು ಕುಡಿದ ಚಹಾದ ಲೆಕ್ಕವನ್ನು ಯಾರೋ ನಿಂತು ತೀರಿಸುತ್ತಿದ್ದರು. ಆ ‘ಯಾರೋ’ ಬೆಳಗಿನ ಪಾಳಿಯ ಸಿಸ್ಟರ್.

ಬೆಳ್ಳಟ್ಟಿಯಿಂದ ಬರುತ್ತಿದ್ದಳು. ನರ್ಸಿಂಗ್ ಓದಿದವಳು. ಗಂಡನ ಜೊತೆ ಬಾಳುವೆ ಸರಿಹೋಗದೆ ತವರಿಗೆ ಬಂದು, ತಾಯಿಯನ್ನೂ ತಂಗಿಯನ್ನೂ ತನ್ನ ಪಗಾರದಲ್ಲಿ ಸಾಕುತ್ತಿದ್ದಳು. ಅವಳ ಬದುಕು ಬಸ್ಸಿಗೆ ಕಟ್ಟಿದ ಬದುಕು: ಬೆಳಗಿನ ಮೊದಲ ಬಸ್ಸಿಗೆ ಬರಬೇಕು, ಪಾಳಿ ಮುಗಿದೊಡನೆ ಮಧ್ಯಾಹ್ನದ ಬಸ್ಸು ಹಿಡಿಯಬೇಕು, ಅದು ತಪ್ಪಿದರೆ ಸಂಜೆಯ ತನಕ ನಿಲ್ದಾಣದ ಕಲ್ಲಿನ ಮೇಲೆ ಕೂರಬೇಕು. ನನ್ನಿಂದ ಅವಳು ಕುಳಿತ ಸಂಜೆಗಳು ಎಷ್ಟೋ. ಎಲ್ಲರೂ ಅವಳನ್ನು ಸಿಸ್ಟರ್ ಎನ್ನುತ್ತಿದ್ದರು, ನಾನು ತಂಗಿ ಎನ್ನುತ್ತಿದ್ದೆ. ಇಂಗ್ಲಿಷಿನಲ್ಲಿಯೂ ಕನ್ನಡದಲ್ಲಿಯೂ ಸಂಬಂಧ ಒಂದೇ. ಆದರೆ ಒಂದು ಭಾಷೆಯಲ್ಲಿಯೂ ನಾನು ಅದನ್ನು ನಡೆಸಿಕೊಡಲಿಲ್ಲ.

ಅವಳು ದೂರುವವಳಾಗಿರಲಿಲ್ಲ, ಆದರೆ ಸುಮ್ಮನಿರುವವಳೂ ಅಲ್ಲ. ನಾನು ಬೆವರು ಒರೆಸಿಕೊಳ್ಳುವ ನಾಟಕ ಮಾಡುತ್ತ ಒಳಗೆ ಬಂದರೆ, “ಬರ್ರಿ ಅಣ್ಣಾರ, ನಾ ಇನ್ನೂ ಮುದುಕಿ ಆಗಿಲ್ಲ, ಅಷ್ಟರಾಗ ಬಂದ್ರೆಲ್ಲ!” ಎನ್ನುತ್ತಿದ್ದಳು. ಇನ್ನೊಮ್ಮೆ, “ನೀವು ಫೋನಿನಾಗ ಬಂದ್ನಿ ಅಂದ್ರ ನಾ ಬುತ್ತಿ ಬಿಚ್ಚತೀನಿ ನೋಡ್ರಿ. ಉಂಡು, ಡಬ್ಬಿ ತೊಳದು, ಒಂದು ನಿದ್ದಿ ಮಾಡೂದ್ರಾಗ ಬಂದಿರ್ತೀರಿ” ಎಂದಳು. ರೋಗಿಗಳು ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ನಕ್ಕಿದ್ದರು. ನಮ್ಮ ನೆಲದ ಮಗಳಾದ್ದರಿಂದ ಆ ಶಬ್ದದ ನಿಜವಾದ ಬೆಲೆ ಅವಳಿಗೆ ಗೊತ್ತಿತ್ತು. ನನ್ನ ಬಂದ್ನಿಯನ್ನು ನಂಬಿ ಅವಳು ಎಂದೂ ವಾರ್ಡು ಬಿಟ್ಟವಳಲ್ಲ. ಇದನ್ನು ದಯವಿಟ್ಟು ನೆನಪಿಡಿ.

ಒಂದು ದಿನ ಪಾಳಿ ವಹಿಸಿಕೊಡುವಾಗ ಹೇಳಿದಳು: “ಅಣ್ಣಾರ, ನಾಳೆ ಒಂದಿನ ಹೊತ್ತಿಗಿ ಬರ್ರಿ. ನಮ್ಮ ತಂಗೀನ್ನ ನೋಡಾಕ ಮುಂಡರಗಿಯವ್ರು ಬರಾಕತ್ತಾರ. ಅವ್ವಗ ಒಬ್ಬಾಕಿಗೆ ನೀಗಂಗಿಲ್ಲ.” “ಬರ್ತೀನಿ ಬಿಡವಾ, ಅದೇನ್ ದೊಡ್ಡ ಮಾತು” ಎಂದೆ. ಖರೆ ಹೇಳುತ್ತೇನೆ, ಬರಬೇಕೆಂದೇ ಇದ್ದೆ. ಮರುದಿನ ಮನೆಯಿಂದ ಬೇಗನೆ ಹೊರಟೆ ಕೂಡ. ಬೇಗ ಹೊರಟಿದ್ದೇನಲ್ಲ, ಇನ್ನೂ ಹೊತ್ತಿದೆಯಲ್ಲ ಎಂಬ ಧೈರ್ಯದ ಮೇಲೆ ಚಹಾದ ಅಂಗಡಿಯಲ್ಲಿ ಕುಳಿತೆ. ಬೇಗ ಹೊರಟವನೂ ತಡವಾಗಬಹುದು ಎಂಬ ವಿದ್ಯೆ ನನಗೊಬ್ಬನಿಗೇ ಸಿದ್ಧಿಸಿತ್ತೋ ಏನೋ.

ಮಿರ್ಚಿಯನ್ನು ಎಣ್ಣೆಗೆ ಬಿಡುತ್ತಿದ್ದಾಗ ಫೋನು ಬಂತು.

“ಅಣ್ಣಾರ, ಎಲ್ಲಿದ್ದೀರಿ?”

“ಬಂದ್ನಿ ತಂಗಿ.”

“ನಿಮ್ಮ ಬಂದ್ನಿ ಬ್ಯಾಡ್ರಿ ಇವತ್ತ. ಖರೇ ಹೇಳ್ರಿ. ಬಸ್ ಹೋಗ್ತೈತಿ.”

ಹಳೆಯ ನಾಣ್ಯ ಚಲಾವಣೆಯಾಗಲಿಲ್ಲ. ಹೊಸದೊಂದನ್ನು ಟಂಕಿಸಬೇಕಾಯಿತು. “ಗೇಟಿನಾಗ ಅದೀನವಾ. ಸೈಕಲ್ ನಿಲ್ಲಸಾಕತ್ತೀನಿ. ನೀ ನಡಿ, ಬಸ್ ಹಿಡಿ” ಎಂದೆ. ಇಷ್ಟು ವಿವರವಾದ ಸುಳ್ಳನ್ನು ನಾನು ಅದಕ್ಕೂ ಮೊದಲು ಹೇಳಿರಲಿಲ್ಲ. ಹೇಳುವಾಗ ಅದು ಸುಳ್ಳೆಂದು ಅನಿಸಲೂ ಇಲ್ಲ. ತಂಗಿಗೆ ಬಸ್ಸು ಸಿಗಲಿ ಎಂದು ಮಾಡಿದ ಉಪಕಾರವೆಂದೇ ಅನಿಸಿತು. ನಾನು ಈಗ ಎದ್ದರೆ ಆಯಿತಲ್ಲ, ಅವಳು ಬಸ್ಸಿಗೆ ಅಡ್ಡದಾರಿಯಾದ ಹಿಂದಿನ ಬಾಗಿಲಿನಿಂದ ಇಳಿಯುವಷ್ಟರಲ್ಲಿ ನಾನು ಮುಂದಿನ ಬಾಗಿಲಿನಿಂದ ಒಳಗೆ ಹೋಗಿರುತ್ತೇನಲ್ಲ! ಅಷ್ಟರಲ್ಲಿ ಮಿರ್ಚಿ ಎಣ್ಣೆಯಿಂದ ಮೇಲೆ ಬಂದವು. ಬಿಸಿಯಾಗಿದ್ದವು, ಆರಲು ಬಿಟ್ಟೆ. ಆರುವ ತನಕ ಯಾರೋ ಏನೋ ಅಂದರು, ನಾನೊಂದು ಅಂದೆ.

ನಾನು ವಾರ್ಡಿಗೆ ಕಾಲಿಟ್ಟಾಗ ಶಿರಹಟ್ಟಿ ಕಡೆಯ ಒಬ್ಬ ಅಜ್ಜ ಮಂಚದ ಪಕ್ಕದಲ್ಲಿ ನೆಲದ ಮೇಲೆ ಬಿದ್ದಿದ್ದ. ಹರ್ನಿಯಾ ಆಪರೇಷನ್ ಆದವನು. ಅವನ ಮಗಳು ಔಷಧಿ ತರಲು ಕೆಳಗೆ ಹೋಗಿದ್ದಳು. ಮೂತ್ರಕ್ಕೆ ಅವಸರವಾಗಿ ಕರೆದಿದ್ದಾನೆ. ಯಾರೂ ಬಾರದೆ ತಾನೇ ಎದ್ದಿದ್ದಾನೆ. ಪಕ್ಕದ ಮಂಚದವನು ಕೈಯಲ್ಲಿ ಸಲಾಯಿನ್ ಸೂಜಿ ಇದ್ದುದರಿಂದ ಏಳಲಾರದೆ ಕೂಗಿ ಕೂಗಿ ಸುಸ್ತಾಗಿದ್ದ. “ಎಷ್ಟ್ ಕರದ್ವಿ ಯಾರೂ ಬರಲಿಲ್ರೀ. ಅಣ್ಣಾರು ಬಂದಾರ ಅಂತ ಸಿಸ್ಟರ್ ಹೇಳಿ ಹೋಗಿದ್ರು” ಎಂದ. ಅಜ್ಜನನ್ನು ಎತ್ತಲು ಕೈ ಹಾಕಿದೆ. “ಮುಟ್ಟಬ್ಯಾಡೋ ಯಪ್ಪಾ” ಎಂದು ಚೀರಿದ. ಸೊಂಟದ ಎಲುಬು ಮುರಿದಿತ್ತು. ಹುಬ್ಬಳ್ಳಿಗೆ ಒಯ್ದರು. ಜೀವ ಉಳಿಯಿತು, ನಡಿಗೆ ಉಳಿಯಲಿಲ್ಲ.

ಮರುದಿನ ಬೆಳಿಗ್ಗೆ ಮೇಡಂ ನನಗೆ ಬರಹೇಳಿದ್ದರು. ಜೀವನದಲ್ಲಿ ಮೊದಲ ಸಲ ಹೊತ್ತಿಗಿಂತ ಮುಂಚೆ ಬಂದು ಗೇಟಿನ ಹತ್ತಿರ ನಿಂತಿದ್ದೆ. ಸಿಸ್ಟರ್ ಬಸ್ಸಿಳಿದು ಬಂದಳು, ಕೈಯಲ್ಲಿ ಪೇಢೆಯ ಡಬ್ಬಿ. ಅವಳಿಗೆ ಇನ್ನೂ ಏನೂ ಖಬರಿಲ್ಲ. ನನ್ನನ್ನು ಕಂಡು, “ಅಯ್ಯ ಅಣ್ಣಾರ! ಇವತ್ತ ಸೂರ್ಯ ಎತ್ತಾಗ ಹುಟ್ಯಾನ್ರೀ!” ಎಂದು ನಕ್ಕಳು. ಡಬ್ಬಿ ಬಿಚ್ಚಿ ಮುಂದೆ ಹಿಡಿದಳು. “ಮೊದಲ ನಿಮಗ. ನೀವು ಹೊತ್ತಿಗಿ ಬಂದ್ರಿ ಅಂತ ನನಗ ಬಸ್ ಸಿಕ್ತು. ಹುಡಿಗೀನ್ನ ಪಸಂದ್ ಮಾಡ್ಯಾರ್ರೀ.”

ಪೇಢೆ ತೆಗೆದುಕೊಂಡು ಬಾಯಿಗೆ ಹಾಕಿಕೊಂಡೆ. ಬಾಯಲ್ಲಿ ಪೇಢೆ ಇತ್ತು, ಅದರಿಂದ ಮಾತಾಡಲು ಆಗಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಪೇಢೆ ಬಾಯಲ್ಲಿ ಎಷ್ಟು ಹೊತ್ತು ಇರುತ್ತದೆ?

ವಿಚಾರಣೆ ಮೇಡಂ ಅವರ ಕೋಣೆಯಲ್ಲಿ ನಡೆಯಿತು. ಸಿಸ್ಟರ್ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮೇಡಂ ನನ್ನ ಕಡೆ ತಿರುಗಿದರು. ನಮ್ಮ ಕಾಲಗಳ ಗೊಂದಲದಲ್ಲಿ ಒಮ್ಮೆ ಮೋಸಹೋಗಿದ್ದವರು, ಈಗ ವ್ಯಾಕರಣದ ಮಾಸ್ತರರಂತೆಯೇ ಕೇಳಿದರು: “ಸರಿಯಾಗಿ ನೆನಪು ಮಾಡ್ಕೊಂಡು ಹೇಳಿ. ಬಂದಿದೀನಿ ಅಂದ್ರಾ, ಬರ್ತಾ ಇದೀನಿ ಅಂದ್ರಾ?”

ಎರಡು ಕಾಲಗಳ ನಡುವೆ ಇಬ್ಬರ ಅನ್ನ ನಿಂತಿತ್ತು. ತಡವಾಗಿ ಬಂದದ್ದಕ್ಕೆ ಅರ್ಧ ದಿನದ ಪಗಾರ. ಅದು ನನಗೆ ರೂಢಿಯಾದ ದಂಡ. ಆದರೆ ಗೇಟಿನಲ್ಲಿದ್ದೇನೆ ಎಂದು ಸುಳ್ಳು ಹೇಳಿ ವಾರ್ಡು ಬಿಡಿಸಿದೆ ಎಂದರೆ ಅವಳು ಉಳಿದು ನಾನು ಮನೆಗೆ ನಡೆಯಬೇಕು. ಸರ್ಟಿಫಿಕೇಟಿಲ್ಲದ ಕಾಂಪೌಂಡರನನ್ನು ಇನ್ನಾರು ಕರೆಯುತ್ತಾರೆ? ಶಾಲೆಯಲ್ಲಿ ಎಂದೂ ಬಾರದಿದ್ದ ವರ್ತಮಾನಕಾಲ ಆಗ ನನ್ನ ಬಾಯಿಂದ ನಿರರ್ಗಳವಾಗಿ ಬಂತು.

“ಬರಾಕತ್ತೀನಿ ಅಂದಿದ್ದೆ ರೀ.”

“ಅಣ್ಣಾರ,” ಎಂದಳು ಸಿಸ್ಟರ್. “ಗೇಟಿನಾಗ ಅದೀನಿ, ಸೈಕಲ್ ನಿಲ್ಲಸಾಕತ್ತೀನಿ ಅಂದ್ರಿ. ಹೌದಿಲ್ಲೋ?”

“ಗೇಟಿನ ಮಾತು ನಾ ಆಡಿಲ್ಲ ತಂಗಿ,” ಎಂದೆ. ತಂಗಿ ಎನ್ನುವುದನ್ನು ಆಗಲೂ ಬಿಡಲಿಲ್ಲ. ಅವಳು ನನ್ನ ಮುಖವನ್ನು ನೋಡುತ್ತಿದ್ದಳು. ನಾನು ಗೋಡೆಯ ಕ್ಯಾಲೆಂಡರನ್ನು ನೋಡುತ್ತಿದ್ದೆ.

ಅವಳ ಕೆಲಸ ಅಂದೇ ಹೋಯಿತು. ರೋಗಿಗಳನ್ನು ಬಿಟ್ಟುಹೋದವಳು ಎಂಬ ಮಾತು ಅವಳಿಗಿಂತ ಮುಂಚೆಯೇ ಗದಗಿನ ಉಳಿದ ದವಾಖಾನೆಗಳ ಮೆಟ್ಟಿಲು ಹತ್ತಿತ್ತು. ಎಲ್ಲಿಯೂ ತೆಗೆದುಕೊಳ್ಳಲಿಲ್ಲ ಎಂದು ಕೇಳಿದೆ. ಈ ಘಟನೆಯ ದೆಸೆಯಿಂದಲೇ ಹೆಬ್ಬೆರಳು ಒತ್ತುವ ಯಂತ್ರವನ್ನು ತರಿಸಿದರು. ಅದಿದ್ದಿದ್ದರೆ ನಾನು ಗೇಟಿಗೆ ಬಂದ ಹೊತ್ತನ್ನು ಹೇಳಿಬಿಡುತ್ತಿತ್ತು. ನಮ್ಮ ದವಾಖಾನೆಯಲ್ಲಿ ಸತ್ಯದ ಯಂತ್ರವೂ ತಡವಾಗಿಯೇ ಬಂತು.

ನನ್ನ ವಿಷಯ ಹೇಳಿದರೆ ನೀವು ನಗುತ್ತೀರಿ. ಅಂದಿನಿಂದ ನಾನು ಒಂದು ದಿನವೂ ತಡವಾಗಲಿಲ್ಲ. ಚಹಾದ ಅಂಗಡಿಯ ಮುಂದಿನ ಹಾದಿಯನ್ನೇ ಬಿಟ್ಟು ಸುತ್ತು ಬಳಸಿ ಬರುತ್ತಿದ್ದೆ. ನಿವೃತ್ತನಾದ ದಿನ ಶಾಲು ಹೊದಿಸಿದರು, ಹಾರ ಹಾಕಿದರು. ಮೇಡಂ ಹೊಸ ನರ್ಸುಗಳಿಗೆ ನನ್ನನ್ನು ತೋರಿಸಿ, “ಟೈಮ್ ಅಂದ್ರೆ ಇವರನ್ನ ನೋಡಿ ಕಲೀಬೇಕು” ಎಂದರು. ಒಬ್ಬಳು ಎದ್ದು ನಿಂತು, “ಸರ್, ಇಷ್ಟ್ ಕರೆಕ್ಟ್ ಬರೂದು ಹೆಂಗ್ ರೂಢಿ ಆತ್ರಿ?” ಎಂದು ಕೇಳಿದಳು. ಉತ್ತರ ಗೊತ್ತಿತ್ತು: ತಡವಾಗಿ ಬರುವವನನ್ನು ತಿದ್ದಬೇಕಾದರೆ ಅವನ ಬದಲಿಗೆ, ಹೊತ್ತಿಗೆ ಬರುವ ಇನ್ನೊಬ್ಬರನ್ನು ಕೆಲಸದಿಂದ ತೆಗೆಯಬೇಕು. ಹೇಳಲಿಲ್ಲ. “ದೇವರ ದಯಾ” ಎಂದು ದೇವರ ಮೇಲೆ ಹಾಕಿದೆ. ಅವನಾದರೂ ಎದುರಿಗೆ ನಿಂತು ‘ಹೌದಿಲ್ಲೋ’ ಎಂದು ಕೇಳುವವನಲ್ಲ.

ಮೊನ್ನೆ ಮೊನ್ನೆ ಸಂಬಂಧಿಕರೊಬ್ಬರ ಮನೆಯ ಕಾರ್ಯಕ್ಕೆಂದು ಲಕ್ಷ್ಮೇಶ್ವರಕ್ಕೆ ಹೋಗಿದ್ದೆ. ಬಿ.ಪಿ. ಗುಳಿಗೆ ಮರೆತಿದ್ದೆ. ಬಸ್ ನಿಲ್ದಾಣದ ಎದುರಿನ ಔಷಧಿ ಅಂಗಡಿಗೆ ಹೋಗಿ ಚೀಟಿ ಚಾಚಿದೆ. ಒಳಗಿದ್ದ ಹೆಂಗಸು ಚೀಟಿಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಕೂದಲು ನೆರೆತಿತ್ತು, ಕನ್ನಡಕ ಬಂದಿತ್ತು. “ಅಣ್ಣಾರ, ಬಿ.ಪಿ. ನಿಮಗೂ ಬಂತೇನ್ರಿ? ಅದಾದ್ರೂ ಹೊತ್ತಿಗಿ ಬಂತಲ್ಲ!” ಎಂದಳು. ಹಳೆಯ ಚುಚ್ಚು ಹಾಗೆಯೇ ಇತ್ತು. ನನಗೆ ನಗುವೋ ಅಳುವೋ ತಿಳಿಯದಂಥದ್ದೊಂದು ಬಂತು. ಏನಾದರೂ ಆಡಬೇಕಲ್ಲ ಎಂದು, “ತಂಗಿ ಆರಾಮ ಅದಾಳ?” ಎಂದೆ. “ಅದಾಳ್ರೀ. ಆ ಮುಂಡರಗಿಯವ್ರು ನನ್ನ ಕೆಲಸ ಹೋದ ಮ್ಯಾಲ ಹಿಂದ ಸರದ್ರು. ಮುಂದ ಬ್ಯಾರೆ ಕಡೆ ಆತು. ಛಲೋ ಅದಾಳ” ಎಂದಳು. ಆ ಪೇಢೆ ಏನಾಯಿತು ಎಂದು ಅಂದು ತಿಳಿಯಿತು.

ಗುಳಿಗೆಯನ್ನು ಕಾಗದದ ಚೀಲಕ್ಕೆ ಹಾಕುತ್ತ, ತಲೆ ಎತ್ತದೆ ಕೇಳಿದಳು: “ಆ ಅಜ್ಜ ಮುಂದ ನಡದನೇನ್ರಿ?”

“ಇಲ್ಲ” ಎಂದೆ.

ಚೀಲದ ಬಾಯಿ ಮಡಿಚಿದಳು. “ನೀವು ಏನ ಅಂದಿದ್ರೂ ಅಣ್ಣಾರ, ನಾನೂ ಒಮ್ಮೆ ಗೇಟಿಗೆ ಹಣಿಕಿ ನೋಡಿ ಹೋಗಬೇಕಿತ್ತು. ಬಸ್ಸಿನ ಗಡಿಬಿಡಿ. ನಂದೂ ತಪ್ಪೈತಿ. ರಾತ್ರಿ ಒಮ್ಮೊಮ್ಮೆ ನೆನಪಾಗ್ತಾನ ಅಜ್ಜ.”

ಅವಳು ಬೈದಿದ್ದರೆ ನಾನು ಕಾಲಿಗೆ ಬೀಳುತ್ತಿದ್ದೆನೋ ಏನೋ. ಬೈಯಲಿಲ್ಲ. ಕೆಲಸ ಕಳೆದದ್ದು ಸಾಲದೆಂದು ನನ್ನ ಪಾಪದ ಒಂದು ಪಾಲನ್ನೂ ಅವಳ ಮಡಿಲಿಗೆ ಹಾಕಿಬಿಟ್ಟಿದ್ದೆ. ಅದನ್ನು ಅವಳು ಇಷ್ಟು ವರ್ಷ ತನ್ನದೆಂದು ನಂಬಿ ಹೊತ್ತಿದ್ದಳು. ಅಲ್ಲಲ್ಲ, ಅದು ನಿನ್ನದಲ್ಲ ಎಂದು ಹೇಳಲು ಒಂದೇ ಉಸಿರು ಸಾಕಿತ್ತು. ನಾನು ರಸ್ತೆಯ ಕಡೆ ನೋಡಿ, “ಬಸ್ಸಿಗಿ ಹೊತ್ತಾತು, ಬರ್ತೀನಿ ತಂಗಿ” ಎಂದೆ. “ಬರ್ರಿ ಅಣ್ಣಾರ” ಎಂದಳು. ಹೋಗಿ ಬಸ್ಸಿನಲ್ಲಿ ಕುಳಿತೆ. ಕಂಡಕ್ಟರ್ ಬಂದಿರಲಿಲ್ಲ. ಬಸ್ಸು ಅರ್ಧ ತಾಸು ಅಲ್ಲಿಯೇ ನಿಂತಿತ್ತು. ಕಿಟಕಿಯಿಂದ ಅಂಗಡಿ ಕಾಣುತ್ತಿತ್ತು, ಅವಳು ಯಾರಿಗೋ ಗುಳಿಗೆಯನ್ನು ಯಾವಾಗ ನುಂಗಬೇಕು ಎಂದು ಬೆರಳು ಮಡಿಚಿ ಹೇಳುತ್ತಿರುವುದು ಕಾಣುತ್ತಿತ್ತು. ಇಳಿಯಲಿಲ್ಲ.

ಇಲ್ಲಿಯ ತನಕ ಬರೆಯುತ್ತ ಅವಳನ್ನು ಸಿಸ್ಟರ್ ಎಂದೆ, ತಂಗಿ ಎಂದೆ. ದವಾಖಾನೆಯ ಹೆಸರನ್ನು ಮರ್ಯಾದೆಗಾಗಿ ಬಿಟ್ಟೆ. ಅವಳ ಹೆಸರನ್ನು ಮಾತ್ರ ಹೆದರಿಕೆಯಿಂದ ಬಿಟ್ಟೆ. ಹೆಸರಿಲ್ಲದವರ ಮುಂದೆ ಎಷ್ಟು ಬೇಕಾದರೂ ಕಣ್ಣೀರು ಹಾಕಬಹುದು, ಅವರು ಬಂದು ಕೇಳುವುದಿಲ್ಲ. ಇದು ಅಚ್ಚಾದರೆ ಲಕ್ಷ್ಮೇಶ್ವರಕ್ಕೂ ಬೆಳ್ಳಟ್ಟಿಗೂ ಹೋಗುತ್ತದೆ, ಯಾರಾದರೂ ಓದಿ ಅವಳಿಗೆ ಮುಟ್ಟಿಸುತ್ತಾರೆ. ಅವರಿಗಾಗಿ ಸ್ಪಷ್ಟವಾಗಿ ಬರೆಯುತ್ತೇನೆ. ಗೇಟಿನಲ್ಲಿದ್ದೇನೆ ಎಂದು ನಾನು ಹೇಳಿದ್ದೆ. ಸೈಕಲ್ ನಿಲ್ಲಿಸುತ್ತಿದ್ದೇನೆ ಎಂದೂ ಹೇಳಿದ್ದೆ. ನೀನು ಹೋಗು ಎಂದವನೂ ನಾನೇ. ಅವಳು ಹಣಿಕಿ ನೋಡಬೇಕಾಗಿರಲಿಲ್ಲ. ಅಣ್ಣ ಎಂದು ಕರೆದವನ ಮಾತನ್ನು ನಂಬುವುದು ತಪ್ಪಲ್ಲ. ಆ ಅಜ್ಜ ಇನ್ನು ಮೇಲೆ ನನ್ನ ನಿದ್ದೆಗೆ ಬರಲಿ, ಅವಳದಕ್ಕೆ ಬೇಡ.

ಅವಳ ಹೆಸರು ನೀಲವ್ವ.